ಪರದೇಶದ ಕೋಟೆ, ಮನೆಯಂಗಳದ ಕೋಟೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೀದರಿನ ಗಾಂಧಿ ಗಂಜಿನಲ್ಲಿ ನಾಲ್ವತ್ತೆರಡು ವರುಷ ಅಡತ್ ಅಂಗಡಿಯ ಗಾದಿಯ ಮೇಲೆ ಕುಳಿತ ನನಗೆ ಸುತ್ತಿದ ದೇಶವೆಂದರೆ ಭಾಲ್ಕಿ, ಔರಾದ, ಉದಗೀರ, ಹೈದರಾಬಾದು. ಓದಿದ ಕೋಶವೆಂದರೆ ಕಿರ್ದಿ ಖತಾವಣಿ. ತೊಗರಿ, ಕಡಲೆ, ಸೋಯಾ, ಉದ್ದುಗಳ ದರ ನಾಲಿಗೆಯ ತುದಿಯಲ್ಲಿತ್ತು. ಉಳಿದ ಜಗತ್ತನ್ನು ನಾಳೆ ನೋಡಿದರಾಯಿತೆಂದು ಬಿಟ್ಟುಬಂದವನು ನಾನು. ಆ ‘ನಾಳೆ’ ಎಂಬ ಮಾತಿನ ಲೆಕ್ಕ ಎಲ್ಲಿ, ಹೇಗೆ ನನ್ನ ಮುಂದೆ ಬಂದು ನಿಂತಿತೆಂಬುದನ್ನು ಈ ತಿಂಗಳು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಂಗಡಿಯನ್ನು ತಮ್ಮನ ಮಗನಿಗೆ ಒಪ್ಪಿಸಿದ ಮೇಲೆ, 2024ರ ಜೂನ್ ತಿಂಗಳಲ್ಲಿ ನಾನೂ ನಮ್ಮ ಮನೆಯವರೂ ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋದೆವು. ಲಂಡನ್ನಿನ ಪಶ್ಚಿಮಕ್ಕೆ ಸ್ಲೌ ಎಂಬ ಊರಿದೆ. ನಮ್ಮ ದೇಶದವರು ಅಲ್ಲಿ ಬಹಳ. ಮಗ, ಸೊಸೆ ಇಬ್ಬರೂ ದುಡಿಯುವವರು. ಒಂಬತ್ತು ವರ್ಷದ ಮೊಮ್ಮಗಳು ಒಬ್ಬಳು. ಮನೆಯಲ್ಲಿ ಸೊಸೆ ಕನ್ನಡ ಬಿಡದೆ ಆಡಿಸಿರುವುದರಿಂದ ಮಗು ನನ್ನನ್ನು ‘ಮುತ್ತ್ಯಾ’ ಎಂದೇ ಕರೆಯುತ್ತದೆ. ಅಷ್ಟು ದೂರದ ನಾಡಿನಲ್ಲಿ ಆ ಒಂದು ಮಾತು ಕಿವಿಗೆ ಬಿದ್ದಾಗ ವಿಮಾನದ ಆಯಾಸವೆಲ್ಲ ಇಳಿದುಹೋಯಿತು.

ಹೋಗಿ ಹತ್ತು ದಿನಗಳಾದ ಮೇಲೆ ಒಂದು ಶನಿವಾರ ಮಗ, “ಅಪ್ಪಾ, ಇವತ್ತು ಲಂಡನ್ ಟವರ್ ನೋಡಿ ಬರೋಣ” ಎಂದ. ಬೆಳಗಿನ ಲಿಂಗಪೂಜೆ ಮುಗಿಸಿದೆವು. ನಮ್ಮ ಮನೆಯವರು ಊರಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡರು. ಹೊರಗೆ ತಿನ್ನಲು ಏನು ಸಿಗುವುದೋ, ಅದರಲ್ಲಿ ಏನು ಬೆರೆತಿರುವುದೋ ಎಂಬ ಚಿಂತೆ ಅವರದು. ಸ್ಲೌದಿಂದ ಎಲಿಜಬೆತ್ ಲೈನ್ ಎಂಬ ಹೊಸ ರೈಲು ನೇರವಾಗಿ ಲಂಡನ್ನಿನ ಹೊಟ್ಟೆಯೊಳಗೆ ಹೋಗುತ್ತದೆ. ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಇಪ್ಪತ್ತು ನಿಮಿಷ ನಡೆದರೆ ಥೇಮ್ಸ್ ನದಿಯ ದಡದಲ್ಲಿ ಆ ಕೋಟೆ ಕಾಣಿಸುತ್ತದೆ. ಟವರ್ ಎಂದ ಮಾತ್ರಕ್ಕೆ ನಾನು ನಮ್ಮ ಚೌಬಾರಾದಂತಹ ಒಂದು ಎತ್ತರದ ಗೋಪುರವಿರಬೇಕೆಂದುಕೊಂಡಿದ್ದೆ. ಹೋಗಿ ನೋಡಿದರೆ ಅದು ಗೋಪುರವಲ್ಲ, ಸುತ್ತಲೂ ಎರಡು ಸುತ್ತಿನ ಗೋಡೆ, ಬುರುಜು, ಕಂದಕಗಳಿರುವ ಪೂರಾ ಕೋಟೆ.

ಟಿಕೆಟಿನ ದರವನ್ನು ಕೇಳಿ ನನ್ನ ಗಂಜಿನ ಬುದ್ಧಿ ಸುಮ್ಮನಿರಲಿಲ್ಲ. ಮನಸ್ಸಿನಲ್ಲಿಯೇ ಪೌಂಡನ್ನು ರೂಪಾಯಿ ಮಾಡಿ ನೋಡಿದೆ. ಐವರ ಟಿಕೆಟಿಗೆ ಕೊಟ್ಟ ಹಣದಲ್ಲಿ ಒಂದು ಕ್ವಿಂಟಲ್ ತೊಗರಿ ಬಂದು ಮೇಲೆ ಚಿಲ್ಲರೆ ಉಳಿಯುತ್ತಿತ್ತು. ಅಷ್ಟು ಕೊಟ್ಟು ವರ್ಷಕ್ಕೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರಂತೆ. ಆ ಹಣದಿಂದಲೇ ಕೋಟೆಯ ರಕ್ಷಣೆ ನಡೆಯುತ್ತದೆ. ನೋಡಿಕೊಳ್ಳುವ ಸಂಸ್ಥೆ ಸರಕಾರದ ಕಡೆಯಿಂದ ಅನುದಾನ ಪಡೆಯುವುದಿಲ್ಲ. ನನ್ನಂತಹ ವ್ಯಾಪಾರಿಗೆ ಈ ಲೆಕ್ಕ ಹಿಡಿಸಿತು.

ಕಂದಕದಲ್ಲಿ ನೀರಿಲ್ಲ. ನಿಂತ ನೀರು ಕೊಳೆತು ರೋಗ ಹರಡುತ್ತಿತ್ತೆಂದು 1843ರಲ್ಲಿ ಅದನ್ನು ಬತ್ತಿಸಿದರು. ಮೊದಲನೆಯ ಮಹಾಯುದ್ಧ ಆರಂಭವಾಗಿ ನೂರು ವರ್ಷ ತುಂಬಿದ 2014ರಲ್ಲಿ ಈ ಒಣಗಿದ ಕಂದಕದ ತುಂಬ ಮಣ್ಣಿನಿಂದ ಮಾಡಿ ಸುಟ್ಟ ಕೆಂಪು ಗಸಗಸೆ ಹೂಗಳನ್ನು ನೆಟ್ಟಿದ್ದರಂತೆ. ಆ ಯುದ್ಧದಲ್ಲಿ ಮಡಿದ ಬ್ರಿಟನ್ನಿನ ಮತ್ತು ಅದರ ವಸಾಹತುಗಳ ಒಬ್ಬೊಬ್ಬ ಸೈನಿಕನಿಗೆ ಒಂದೊಂದು ಹೂವು, ಒಟ್ಟು 8,88,246. ನಮ್ಮ ದೇಶದಿಂದಲೂ ಎಷ್ಟೋ ಸಿಪಾಯಿಗಳು ಆ ಯುದ್ಧಕ್ಕೆ ಹೋಗಿ ಮರಳಿ ಬರಲಿಲ್ಲ. ಮಗ ಇದನ್ನು ಹೇಳುವಾಗ ನಮ್ಮ ಮನೆಯವರು ಆ ಬರಿದಾದ ಕಂದಕದ ಕಡೆಗೆ ಕೈಮುಗಿದರು.

ಒಳಗೆ ಕೆಂಪು ಅಂಚಿನ ಕಡುನೀಲಿ ನಿಲುವಂಗಿ ತೊಟ್ಟ ಕಾವಲುಗಾರರು ಇರುತ್ತಾರೆ. ಯೋಮನ್ ವಾರ್ಡರ್ ಎಂದು ಅವರ ಹೆಸರು. ಸೈನ್ಯದಲ್ಲಿ ಇಪ್ಪತ್ತೆರಡು ವರ್ಷವಾದರೂ ಸೇವೆ ಮಾಡಿದವರಿಗೆ ಮಾತ್ರ ಈ ಕೆಲಸ. ಅವರು ಹೆಂಡತಿ ಮಕ್ಕಳೊಡನೆ ಕೋಟೆಯೊಳಗೇ ವಾಸಿಸುತ್ತಾರೆ. ಪ್ರತಿ ರಾತ್ರಿ ಹತ್ತು ಗಂಟೆಗೆ ಕೆಲವು ನಿಮಿಷ ಮುಂಚೆ ಬಾಗಿಲುಗಳಿಗೆ ಬೀಗ ಹಾಕುವ ಒಂದು ಪದ್ಧತಿ ಏಳುನೂರು ವರ್ಷಗಳಿಂದ ನಡೆದುಬಂದಿದೆ ಎನ್ನುತ್ತಾರೆ. ಅಂತಹ ಒಬ್ಬ ಕಾವಲುಗಾರ ಐವತ್ತು ಅರವತ್ತು ಜನರನ್ನು ಹಿಂದೆ ಹಾಕಿಕೊಂಡು, ಗಟ್ಟಿ ದನಿಯಲ್ಲಿ, ನಗಿಸುತ್ತ, ಹೆದರಿಸುತ್ತ, ಒಂದು ಗಂಟೆಯ ಹೊತ್ತು ಕಥೆ ಹೇಳಿದ. ಇಂಗ್ಲಿಷು ನನಗೆ ಅಷ್ಟಾಗಿ ತಿಳಿಯದು. ಸೊಸೆ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದಳು. ನಮ್ಮ ಕಡೆ ಜಾತ್ರೆಯಲ್ಲಿ ಪುರಾಣ ಹೇಳುವ ಶಾಸ್ತ್ರಿಗಳ ನೆನಪಾಯಿತು.

ಕೋಟೆಯ ನಡುವೆ ಇರುವ ಬಿಳಿಯ ಗೋಪುರವೇ ಎಲ್ಲಕ್ಕಿಂತ ಹಳೆಯದು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮಂಡಿಯ ವಿಲಿಯಂ, ಸೋತ ಜನರು ತಲೆಯೆತ್ತಬಾರದೆಂದು ಸಮುದ್ರದಾಚೆಯಿಂದ ಕಲ್ಲು ತರಿಸಿ ಆ ಶತಮಾನದ ಎಪ್ಪತ್ತರ ದಶಕದಲ್ಲಿ ಇದನ್ನು ಕಟ್ಟಿಸಲು ಹಿಡಿದ. ಎತ್ತರ ಸುಮಾರು 27 ಮೀಟರು. ನಮ್ಮ ಕಲ್ಯಾಣದಲ್ಲಿ ಶರಣರ ಕಾಲ ಬರುವುದಕ್ಕೆ ಎಂಬತ್ತು ತೊಂಬತ್ತು ವರ್ಷ ಮೊದಲಿನ ಮಾತು.

ಅದರ ಪಕ್ಕದಲ್ಲಿ ಒಂದು ಹಸಿರು ಹುಲ್ಲಿನ ಬಯಲು. ನೋಡಿದರೆ ಮಕ್ಕಳು ಆಡುವ ಜಾಗದಂತಿದೆ. ಅಲ್ಲಿಯೇ 1536ರಲ್ಲಿ ಎಂಟನೆಯ ಹೆನ್ರಿ ರಾಜನು ತನ್ನ ರಾಣಿ ಆನ್ ಬೊಲಿನಳ ತಲೆ ಕಡಿಸಿದ. 1554ರಲ್ಲಿ, ಒಂಬತ್ತು ದಿನ ಮಾತ್ರ ರಾಣಿಯಾಗಿದ್ದ ಜೇನ್ ಗ್ರೇ ಎಂಬ ಹದಿನಾರು ಹದಿನೇಳರ ಹುಡುಗಿಯ ತಲೆಯೂ ಅಲ್ಲಿಯೇ ಉರುಳಿತು. ಆ ಜಾಗದಲ್ಲಿ ಈಗ ಗಾಜಿನದೊಂದು ದಿಂಬನ್ನು ಇಟ್ಟಿದ್ದಾರೆ. ಮಡಿದವರ ಹೆಸರು ಕೊರೆದಿದ್ದಾರೆ. ಬಾಗಿಲಿನ ಹತ್ತಿರದ ಗಂಟೆಯ ಬುರುಜಿನಲ್ಲಿ ಥಾಮಸ್ ಮೋರ್ ಎಂಬ ಮಂತ್ರಿಯನ್ನು ಸೆರೆಯಿಟ್ಟಿದ್ದರು. ರಾಜ್ಯದ ಅತಿ ದೊಡ್ಡ ಅಧಿಕಾರದಲ್ಲಿದ್ದವನು ಅವನು. ರಾಜನು ಕೇಳಿದ ಪ್ರಮಾಣವಚನಕ್ಕೆ ತನ್ನ ಮನಸ್ಸು ಒಪ್ಪುವುದಿಲ್ಲವೆಂದು ಹೇಳಿದ್ದಕ್ಕೆ 1535ರ ಜುಲೈ 6ರಂದು ಹೊರಗಿನ ದಿಣ್ಣೆಯ ಮೇಲೆ ಅವನ ಶಿರಚ್ಛೇದವಾಯಿತು.

ಇದನ್ನು ಕೇಳುತ್ತಿದ್ದಂತೆ ನನಗೆ ಇನ್ನೇನೋ ನೆನಪಾಗಬೇಕಾಗಿತ್ತು. ಆದರೆ ಆಗ ಆಗಲಿಲ್ಲ. ಏಕೆ ಆಗಲಿಲ್ಲವೆಂಬುದೇ ಈ ಬರೆಹದ ತಿರುಳು.

ಕಿರೀಟಗಳ ಕೋಣೆಯಲ್ಲಿ ನಿಂತು ನೋಡಲು ಬಿಡುವುದಿಲ್ಲ. ಕಾಲ ಕೆಳಗಿನ ನೆಲವೇ ನಿಧಾನವಾಗಿ ಮುಂದೆ ಸರಿಯುತ್ತದೆ. ಅಲ್ಲಿ ಕೊಹಿನೂರ್ ಇದೆ. 105.6 ಕ್ಯಾರಟ್ ತೂಕ. ಗೋಲ್ಕೊಂಡದ ಸೀಮೆಯ ಕೊಲ್ಲೂರು ಗಣಿಯಲ್ಲಿ ಸಿಕ್ಕದ್ದೆಂದು ನಂಬಿಕೆ. ಕೈಯಿಂದ ಕೈಗೆ ದಾಟಿ, 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ ಹತ್ತು ವರ್ಷದ ಬಾಲಕ ಮಹಾರಾಜ ದಲೀಪ್ ಸಿಂಗನಿಂದ ಇಂಗ್ಲಿಷರು ಅದನ್ನು ಬರೆಯಿಸಿಕೊಂಡರು. 2023ರಿಂದ ಈ ವಜ್ರವನ್ನು ಗೆದ್ದವರು ಕಿತ್ತುಕೊಂಡ ವಸ್ತುವೆಂಬ ಇತಿಹಾಸವನ್ನೂ ಅಲ್ಲಿಯ ಪ್ರದರ್ಶನದಲ್ಲಿ ಹೇಳುತ್ತಿದ್ದಾರೆ. ನಮ್ಮ ಮನೆಯವರು ನೋಡಿ ಹೊರಬಂದು, “ಹತ್ತು ವರ್ಷದ ಕೂಸಿನ ಕೈಯಾಂದು ಕಸಗೊಂಡದ್ದು ಎಷ್ಟು ಹೊಳೆದರ ಏನ್ರೀ?” ಎಂದರು. ಅದಕ್ಕಿಂತ ಹೆಚ್ಚಿನ ಮಾತು ನನಗೂ ಹೊಳೆಯಲಿಲ್ಲ.

ಮಧ್ಯಾಹ್ನ ಒಂದು ಬೆಂಚಿನ ಮೇಲೆ ಕುಳಿತು ರೊಟ್ಟಿಯ ಗಂಟು ಬಿಚ್ಚಿದೆವು. ಅಲ್ಲಿ ದೊಡ್ಡ ಕಾಡುಕಾಗೆಗಳನ್ನು ಸಾಕಿದ್ದಾರೆ. ಆರಕ್ಕಿಂತ ಕಡಿಮೆಯಾದರೆ ರಾಜ್ಯವೇ ಬೀಳುತ್ತದೆಂಬ ನಂಬಿಕೆ. ಅವುಗಳನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ. ಒಂದು ಕಾಗೆ ನಮ್ಮ ರೊಟ್ಟಿಯ ಕಡೆ ಕತ್ತು ಓರೆ ಮಾಡಿ ನೋಡುತ್ತಿತ್ತು. ಮೊಮ್ಮಗಳು ನಗುತ್ತ ರೊಟ್ಟಿ ಮುರಿಯುತ್ತ, ಸಹಜವಾಗಿ ಕೇಳಿದಳು:

“ಮುತ್ತ್ಯಾ, ನಿಮ್ಮೂರಾಗ ಇಂಥಾದು ಅದಾ?”

“ಅದ ಅಲ್ಲವ್ವ! ಇದಕ್ಕಿಂತ ದೊಡ್ಡ ಕೋಟಿ ಅದ” ಎಂದೆ ಹೆಮ್ಮೆಯಿಂದ.

“ಯಾರು ಕಟ್ಟಿಸ್ಯಾರ? ಅಲ್ಲಿ ಯಾವ ರಾಜ ಇದ್ದ? ಅಲ್ಲಿನೂ ತಲಿ ಕಡಿತಿದ್ರಾ?”

ನಾನು “ಬಹಮನಿ ಸುಲ್ತಾನರು” ಎಂದೆ. ಅಲ್ಲಿಗೆ ನನ್ನ ಸರಕು ಮುಗಿಯಿತು. ಯಾವ ಸುಲ್ತಾನ, ಯಾವಾಗ, ಏಕೆ, ಒಳಗೆ ಏನಿದೆ, ಒಂದೂ ಬಾಯಿಗೆ ಬರಲಿಲ್ಲ. ಗಾಂಧಿ ಗಂಜಿನಿಂದ ಆಟೋ ಹತ್ತಿದರೆ ಕಾಲು ಗಂಟೆಯ ಹಾದಿ. ಅರವತ್ತೆಂಟು ವರ್ಷದ ಆಯುಷ್ಯದಲ್ಲಿ ನಾನು ಕೋಟೆಯ ಒಳಗೆ ಹೋದದ್ದು ಎರಡು ಸಲ: ಶಾಲೆಯಲ್ಲಿದ್ದಾಗ ಒಮ್ಮೆ, ಬೀಗರು ಬಂದಾಗ ಮತ್ತೊಮ್ಮೆ. ಎರಡು ಸಲವೂ ನೋಡಿದ್ದಕ್ಕಿಂತ ಬುತ್ತಿ ಉಂಡದ್ದೇ ಹೆಚ್ಚು.

ನಾನು ತಡವರಿಸುವುದನ್ನು ಕಂಡು ಮಗ ಮೆಲ್ಲಗೆ ನುಡಿದ: “ನನಗೂ ಗೊತ್ತಿಲ್ಲವ್ವ. ನಾ ಸಣ್ಣಾಂವ ಇದ್ದಾಗ ಪ್ರತಿ ಐತವಾರ ಕೇಳ್ತಿದ್ದೆ, ಕೋಟಿಗಿ ಹೋಗಾಮಂತ. ಮುತ್ತ್ಯಾಗ ಅಂಗಡಿ ಕೆಲಸ ಇರ್ತಿತ್ತು.”

ಅವನು ದೂರಲಿಲ್ಲ, ಇದ್ದದ್ದನ್ನು ಮಗುವಿಗೆ ಹೇಳಿದ, ಅಷ್ಟೆ. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿತು. ತೊಗರಿಯ ಸುಗ್ಗಿ, ಹಮಾಲರ ಲೆಕ್ಕ, ಲಾರಿಯ ಬಾಡಿಗೆ, ಇವೆಲ್ಲ ಸುಳ್ಳಾಗಿರಲಿಲ್ಲ. ಆ ದುಡಿಮೆಯಿಂದಲೇ ಅವನು ಓದಿ ಇಲ್ಲಿಯವರೆಗೆ ಬಂದ. ಆದರೆ ನಾಲ್ವತ್ತೆರಡು ವರ್ಷದಲ್ಲಿ ಎಷ್ಟು ಭಾನುವಾರಗಳಿದ್ದವು! ಒಂದನ್ನು ತೆಗೆದಿಡಲು ಆಗುತ್ತಿರಲಿಲ್ಲವೇ? ನಾನು ಏನೂ ಹೇಳದೆ ರೊಟ್ಟಿಯ ಚೂರುಗಳನ್ನು ಬಟ್ಟೆಗೆ ಕಟ್ಟಿದೆ.

ಸಂಜೆ ಭೂಗರ್ಭದ ರೈಲಿನಲ್ಲಿ ವೆಸ್ಟ್‌ಮಿನ್‌ಸ್ಟರಿಗೆ ಬಂದು, ಸೇತುವೆ ದಾಟಿ, ನದಿಯ ಆಚೆ ದಡದಲ್ಲಿ ನಡೆದೆವು. ಅಲ್ಲಿ ಆಸ್ಪತ್ರೆಯ ಗೋಡೆಯುದ್ದಕ್ಕೂ ಎರಡು ಲಕ್ಷಕ್ಕೂ ಹೆಚ್ಚು ಕೆಂಪು ಹೃದಯಗಳ ಚಿತ್ರ. ಕೋವಿಡ್ ರೋಗದಲ್ಲಿ ತೀರಿಕೊಂಡವರಿಗೆ ಮನೆಯವರು ಬರೆದದ್ದು. ಅದನ್ನು ದಾಟಿ, ಲ್ಯಾಂಬೆತ್ ಸೇತುವೆಯ ಆಚೆ ಹೋದರೆ ಆಲ್ಬರ್ಟ್ ಎಂಬಾಂಕ್‌ಮೆಂಟ್ ಎಂಬ ದಂಡೆಯ ಚಿಕ್ಕ ತೋಟದಲ್ಲಿ ನಮ್ಮ ಬಸವಣ್ಣನವರ ಎದೆಮಟ್ಟದ ಮೂರ್ತಿ ಇದೆ. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಗೊಂಡ ಈ ಮೂರ್ತಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಎಳೆಬಿಸಿಲಿನಲ್ಲಿ ನದಿ ಹೊಳೆಯುತ್ತಿತ್ತು. ನಾವು ಶರಣು ಮಾಡಿ ಕುಳಿತೆವು.

ಮೊಮ್ಮಗಳಿಗೆ ಬಸವಣ್ಣನವರು ಯಾರೆಂದು ಗೊತ್ತು, ತಾಯಿ ಹೇಳಿಕೊಟ್ಟಿದ್ದಾಳೆ. “ಇವರೂ ಮಂತ್ರಿ ಇದ್ರಲ್ಲ? ಇವರಿಗೂ ರಾಜ ಸಿಟ್ಟಾಗಿದ್ನಾ?” ಎಂದು ಕೇಳಿದಳು. ಆ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ, ಅದಕ್ಕಾಗಿ ಬಿಜ್ಜಳನ ಆಜ್ಞೆಯಿಂದ ಆ ಇಬ್ಬರು ತಂದೆಯರಿಗೆ ಆದ ಎಳೆಹೂಟೆ, ಬಸವಣ್ಣನವರು ಅಧಿಕಾರವನ್ನು ತೊರೆದು ಕೂಡಲಸಂಗಮಕ್ಕೆ ನಡೆದದ್ದು, ಎಲ್ಲವನ್ನೂ ಹೇಳಿದೆ. ನನ್ನ ಅವ್ವ ನನಗೆ ಬೀಸುವ ಕಲ್ಲಿನ ಪಕ್ಕದಲ್ಲಿ ಕೂರಿಸಿ ಹೇಳಿದ್ದು ಅದು. ಮಗು ಬಾಯಿ ತೆರೆದು ಕೇಳಿತು. ಮಗನೂ ಕೇಳಿದ. ಅವ್ವ ಹೇಳಿದ್ದು ನನ್ನಲ್ಲಿ ಉಳಿದಿತ್ತು. ಯಾರೂ ಹೇಳದ ಕೋಟೆ ಮಾತ್ರ ಕಣ್ಣೆದುರಿಗೆ ಇದ್ದೂ ನನಗೆ ಇಲ್ಲವಾಗಿತ್ತು.

ಸ್ಥಾವರ, ಜಂಗಮ ಎಂಬ ಮಾತುಗಳು ಈ ಪತ್ರಿಕೆಯ ಓದುಗರಿಗೆ ಹೊಸವಲ್ಲ. ಕಲ್ಲು ಎಷ್ಟೇ ಗಟ್ಟಿಯಾಗಿರಲಿ, ಅದು ನಿಂತಲ್ಲಿ ನಿಂತಿರುತ್ತದೆ. ಅದರ ಕಥೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ನಡೆಯುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಲಂಡನ್ನಿನ ಕೋಟೆಗೂ ನಮ್ಮದಕ್ಕೂ ನಾನು ಕಂಡ ದೊಡ್ಡ ವ್ಯತ್ಯಾಸ ಹಣದ್ದಲ್ಲ, ಕಲ್ಲಿನದೂ ಅಲ್ಲ. ಅಲ್ಲಿ ಕಥೆ ಹೇಳುವವರು ಇದ್ದಾರೆ.

ಊರಿಗೆ ಮರಳಿದ ಮೇಲೆ ಒಂದು ನಿಶ್ಚಯ ಮಾಡಿದೆ. ಡಿಸೆಂಬರಿನಲ್ಲಿ ಮಗನ ಸಂಸಾರ ಬೀದರಿಗೆ ಬರುವುದಿತ್ತು. ಅಷ್ಟರೊಳಗೆ ನಾನು ಕೋಟೆಯನ್ನು ಕಲಿಯಬೇಕು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದ ಗುಲಾಮ್ ಯಜ್ದಾನಿಯವರು ಬೀದರಿನ ಇತಿಹಾಸ, ಸ್ಮಾರಕಗಳ ಮೇಲೆ ಬರೆದು 1947ರಲ್ಲಿ ಪ್ರಕಟವಾದ ದೊಡ್ಡ ಗ್ರಂಥವೊಂದಿದೆ. ಇಂಗ್ಲಿಷಿನಲ್ಲಿದೆ. ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಅದನ್ನು ಓದಿ ಅರ್ಥ ಹೇಳಲು ಒಪ್ಪಿದರು. ನಾಲ್ಕು ಭಾನುವಾರ ಅವರೂ ನಾನೂ ಕೋಟೆಗೆ ಹೋದೆವು. ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ.

ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದವನು ಬಹಮನಿ ಅಹ್ಮದ್ ಶಾಹ ವಲಿ. ಹದಿನೈದನೆಯ ಶತಮಾನದ ಇಪ್ಪತ್ತರ ದಶಕದ ಮಾತು. ಕೋಟೆಯ ಕೆಲಸ 1432ರ ಹೊತ್ತಿಗೆ ಮುಗಿಯಿತು. ಬಯಲಿನ ಕಡೆಗಿರುವ ಮೂರು ಸಾಲಿನ ಕಂದಕವನ್ನು ಕಟ್ಟಿದ್ದಲ್ಲ. ನಮ್ಮ ಕೆಂಪು ಜಂಬಿಟ್ಟಿಗೆಯ ಬಂಡೆಯನ್ನೇ ಕೊರೆದು ನಡುವೆ ಗೋಡೆಗಳಂತೆ ಕಲ್ಲನ್ನು ಉಳಿಸಿದ್ದಾರೆ. ಲಂಡನ್ನಿನಲ್ಲಿ ಒಂದು ಕಂದಕ ನೋಡಿ ಬೆರಗಾಗಿ ಬಂದವನು ನಾನು! 1503ರಲ್ಲಿ ಕಟ್ಟಿದ ಶರ್ಜಾ ದರವಾಜೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಹುಲಿಗಳಿವೆ. ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕುಸುರಿ ಇಂದಿಗೂ ಹೊಳೆಯುತ್ತದೆ. ಕಂಬಗಳ ಮರಗೆಲಸ ನಮ್ಮ ಊರಿನ ಹಳೆಯ ವಾಡೆಗಳ ತೊಲೆಗಂಬಗಳನ್ನು ನೆನಪಿಸುತ್ತದೆ. ಸೋಲಾ ಖಂಬ ಮಸೀದಿ ಕೋಟೆಯ ಪೂರ್ಣ ಕಟ್ಟಡಕ್ಕಿಂತ ಮೊದಲಿನದು, 1423-24ರದು.

ಕೋಟೆಯ ಮಣ್ಣಿಗೂ ಒಂದು ಕಥೆ ಇದೆ. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿಯ ಎಳೆ ಕೂರಿಸಿದ ಬಿದ್ರಿ ಪಾತ್ರೆಗಳನ್ನು ಕೊನೆಗೆ ಕಪ್ಪು ಮಾಡುವುದು ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ. ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗಾಗಿ ಬೀದರಿನ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಓದುಗರಿಗೆ ಗೊತ್ತಿದೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಹಳೆಯ ಬಿದ್ರಿ ಸಾಮಾನುಗಳಿವೆ ಎಂದು ನನಗೆ ತಿಳಿದದ್ದು ಆ ಊರಿಗೆ ಹೋಗಿ ಮರಳಿ ಬಂದ ಮೇಲೆ!

ಅಹ್ಮದ್ ಶಾಹನ ಸಮಾಧಿ ಅಷ್ಟೂರಿನಲ್ಲಿದೆ. ಅವನನ್ನು ವಲಿ ಎಂದು ಮುಸಲ್ಮಾನರು ಕರೆದರೆ, ನಮ್ಮವರಲ್ಲಿ ಎಷ್ಟೋ ಜನ ಅಲ್ಲಮಪ್ರಭುವಿನ ಸ್ವರೂಪವೆಂದು ನಂಬಿ ನಡೆಯುತ್ತಾರೆ. ಅಲ್ಲಿಯ ಉರುಸಿಗೆ ಆಳಂದದ ಕಡೆಯ ಮಾಡಿಯಾಳದಿಂದ ಜಂಗಮರು ಬರುವ ಸಂಪ್ರದಾಯ ಹಿಂದಿನಿಂದ ಬಂದದ್ದು. ಹೀಗೊಂದು ನಂಟು ನಮ್ಮ ಮಗ್ಗುಲಲ್ಲಿಯೇ ಇದೆ.

ಇನ್ನು, ಲಂಡನ್ನಿನಲ್ಲಿ ನೆನಪಾಗಬೇಕಾಗಿದ್ದು ಆಗಲಿಲ್ಲವೆಂದೆನಲ್ಲ, ಅದು ಮಹಮೂದ್ ಗವಾನನ ಕಥೆ. ಇರಾನಿನ ಗೀಲಾನದಿಂದ 1453ರಲ್ಲಿ ಬೀದರಿಗೆ ವ್ಯಾಪಾರಕ್ಕೆಂದು ಬಂದವನು ಅವನು. ವರ್ತಕರ ಒಡೆಯ ಎಂಬ ಅರ್ಥದ ಬಿರುದು ಪಡೆದು, ಮುಂದೆ ಪ್ರಧಾನಮಂತ್ರಿಯಾದ. ಊರ ನಡುವಿನ ಮದರಸಾವನ್ನು 1472ರಲ್ಲಿ ಕಟ್ಟಿಸಿ ದೂರ ದೂರದ ವಿದ್ವಾಂಸರನ್ನು ಕರೆಸಿದ. ಅವನ ಏಳಿಗೆಯನ್ನು ಸಹಿಸದವರು ಅವನ ಮುದ್ರೆಯಿದ್ದ ಕಾಗದದ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ಕುಡಿದ ಅಮಲಿನಲ್ಲಿದ್ದ ಮೂರನೆಯ ಮುಹಮ್ಮದ್ ಶಾಹ ವಿಚಾರಣೆಯನ್ನೇ ಮಾಡದೆ ಎಪ್ಪತ್ತು ದಾಟಿದ ಆ ಮುದುಕನ ತಲೆ ಕಡಿಸಿದ. 1481ರ ಏಪ್ರಿಲ್ ತಿಂಗಳು. ಸತ್ಯ ತಿಳಿದು ಪರಿತಪಿಸಿದ ಸುಲ್ತಾನ ಮರುವರ್ಷವೇ ತೀರಿಕೊಂಡ. ಬಹಮನಿ ರಾಜ್ಯ ಒಡೆದು ಹೋಳಾಯಿತು. ಥಾಮಸ್ ಮೋರನ ಸಾವಿಗೆ ಐವತ್ತನಾಲ್ಕು ವರ್ಷ ಮೊದಲು ನಡೆದದ್ದು ಇದು. ಮೋರನ ಕಥೆಯನ್ನು ಕೇಳಲು ನಾನು ಸಮುದ್ರ ದಾಟಿ ಹಣ ಕೊಟ್ಟೆ. ಗವಾನನ ಮದರಸಾದ ಮುಂದೆ ಸಾವಿರ ಸಲ ಸ್ಕೂಟರಿನ ಮೇಲೆ ಹಾದುಹೋಗಿದ್ದೆ.

ಡಿಸೆಂಬರಿನಲ್ಲಿ ಮಕ್ಕಳು ಬಂದರು. ಬಂದ ಮೂರನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಕೋಟೆಗೆ ಕರೆದುಕೊಂಡು ಹೋದೆ. ಶರ್ಜಾ ದರವಾಜೆಯ ಕೆಳಗೆ ನಿಂತು ನಾನು ಗಟ್ಟಿಯಾಗಿ ಹೇಳಲು ಆರಂಭಿಸಿದಾಗ ನಮ್ಮ ಮನೆಯವರು, “ಅಲ್ಲಿ ಕೆಂಪಂಗಿ ತೊಟ್ಟಾಂವ ಹಂಗೇ ಆಗ್ಯಾರ ನೋಡ್ರಿ” ಎಂದು ನಕ್ಕರು. ಮೊಮ್ಮಗಳು ಹುಲಿಗಳನ್ನು ಎಣಿಸಿದಳು, ಕಂದಕಗಳನ್ನು ಎಣಿಸಿದಳು. ರಂಗೀನ್ ಮಹಲಿನಲ್ಲಿ ಮುತ್ತಿನ ಚಿಪ್ಪಿನ ಮೇಲೆ ಬೆಳಕು ಬಿದ್ದಾಗ ಕೈ ಮುಂದೆ ಮಾಡಿ, ಮುಟ್ಟಬಾರದೆಂದು ತಾನೇ ಹಿಂದೆ ತೆಗೆದುಕೊಂಡಳು. ಗವಾನನ ಕಥೆ ಕೇಳಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು, “ಆ ಪತ್ರ ಖರೇ ಅದಾ ಇಲ್ಲಾ ಅಂತ ರಾಜ ಯಾಕ ಕೇಳಲಿಲ್ಲ?” ಎಂದಳು. ದೊಡ್ಡವರು ಕೇಳಬೇಕಾದ ಪ್ರಶ್ನೆ ಅದು.

ಬುರುಜಿನ ಮೇಲೆ ಗಾಳಿ ಬೀಸುತ್ತಿತ್ತು. ಕೆಳಗಿನ ಬಯಲಿನಲ್ಲಿ ತೊಗರಿಯ ಹೊಲಗಳು ಕಟಾವಿಗೆ ಬಂದಿದ್ದವು. ಮಗ ನನ್ನ ಪಕ್ಕದಲ್ಲಿ ನಿಂತಿದ್ದ. ಲಂಡನ್ನಿನ ಬೆಂಚಿನ ಮೇಲೆ ಹೇಳಲಾರದ್ದನ್ನು ಅಲ್ಲಿ ಹೇಳಿದೆ.

“ತಡ ಆಯ್ತಪ್ಪ” ಎಂದೆ.

ಅವನು ಹೊಲಗಳ ಕಡೆಯೇ ನೋಡುತ್ತ, “ಬಂದ್ವಿ ಅಲ್ಲಪ್ಪ” ಎಂದ.

ಅದಕ್ಕಿಂತ ಹೆಚ್ಚು ನಾವಿಬ್ಬರೂ ಆಡಲಿಲ್ಲ. ಅಂದು ರಾತ್ರಿ ಮೊಮ್ಮಗಳು ಮನೆಗೆ ಬಂದ ನೆರೆಯ ಮಕ್ಕಳನ್ನು ಕೂರಿಸಿಕೊಂಡು ಗವಾನನ ಕಥೆಯನ್ನು ತನ್ನ ಇಂಗ್ಲಿಷು ಬೆರೆತ ಕನ್ನಡದಲ್ಲಿ ಹೇಳುತ್ತಿದ್ದಳು. “ಅವರೂ ನಮ್ಮ ಮುತ್ತ್ಯಾನ ಹಂಗ ವ್ಯಾಪಾರದವರು” ಎಂದು ಸೇರಿಸುತ್ತಿದ್ದಳು. ಗಾಂಧಿ ಗಂಜಿನ ಮಕ್ಕಳು ಗಾಂಧಿ ಗಂಜಿನ ಊರಿನ ಕಥೆಯನ್ನು ಇಂಗ್ಲೆಂಡಿನಿಂದ ಬಂದ ಮಗುವಿನ ಬಾಯಿಂದ ಕೇಳುತ್ತಿದ್ದರು. ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಓದುಗ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿದ್ದಾರೆ. ಅವರಲ್ಲಿಗೆ ಹೋಗಿರಿ; ಅಲ್ಲಿಯ ಕೋಟೆ, ಅರಮನೆ, ಸೇತುವೆಗಳನ್ನು ಕಣ್ತುಂಬ ನೋಡಿರಿ; ಅವರು ತಮ್ಮದನ್ನು ಕಾಪಾಡಿಕೊಂಡ ರೀತಿಯನ್ನು ಕಲಿಯಿರಿ. ಆದರೆ ಹೊರಡುವ ಮೊದಲು ನಿಮ್ಮ ಊರಿನದೊಂದು ಗುಡಿ, ಮಠ, ಕೋಟೆ, ಕೆರೆ, ಬಾವಿ ಯಾವುದನ್ನಾದರೂ ಯಾರು ಕಟ್ಟಿಸಿದರು, ಎಂದು, ಏಕೆ ಎಂದು ತಿಳಿದುಕೊಂಡು ಹೋಗಿರಿ. ಭಾಲ್ಕಿಯವರಿಗೆ ಭಾಲ್ಕಿಯ ಕೋಟೆ ಇದೆ. ಕಲ್ಯಾಣದವರಿಗೆ ಕಲ್ಯಾಣವೇ ಇದೆ. ಮೊಮ್ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ನನ್ನ ಹಾಗೆ ರೊಟ್ಟಿಯ ಗಂಟು ಕಟ್ಟುತ್ತ ಕುಳಿತುಕೊಳ್ಳುವ ಪ್ರಸಂಗ ನಿಮಗೆ ಬಾರದಿರಲಿ.

ಮುಂದಿನ ಭಾನುವಾರ ಅಂಗಡಿಯ ಕೆಲಸ ಇದ್ದೇ ಇರುತ್ತದೆ. ಒಂದು ಭಾನುವಾರ ಅದು ಕಾಯಲಿ.